ಕಟ್ಟುವ ತಂಡವೂ ಕೆಡಿಸುವ ಮೋಸವೂ

ರಾಗಿಯ ಕುಯ್ಲು ಮುಗಿದು, ಮೆದೆ ಒಟ್ಟಿ, ಹೊಲಗಳು ಬರಿದಾಗುವ ಹೊತ್ತಿಗೆ ಜಡಿಗೇನಹಳ್ಳಿ ಹೋಬಳಿಯ ಊರೂರುಗಳಲ್ಲಿ ಚೆಂಡು ದಾಂಡುಗಳು ಹೊರಬರುತ್ತವೆ. ಟೆನ್ನಿಸ್ ಚೆಂಡಿನ ಪಂದ್ಯಾವಳಿಗಳು ಒಂದರ ಹಿಂದೊಂದು ನಡೆಯುತ್ತವೆ. ಆಟ ನಡೆಯುವುದು ಎರಡು ದಿನವಾದರೆ ಆಟವನ್ನು ಕುರಿತ ಮಾತು ನಡೆಯುವುದು ಇಡೀ ವರ್ಷ. ಟೀ ಅಂಗಡಿಯ ಬೆಂಚಿನ ಮೇಲೆ, ಹೊಸಕೋಟೆಗೆ ಹೋಗುವ ಬಸ್ಸನ್ನು ಕಾಯುವ ಕಟ್ಟೆಯ ಮೇಲೆ, ಊರಿನ ತಂಡದಿಂದ ಹಿಡಿದು ರಾಜ್ಯದ ತಂಡದವರೆಗೆ ಎಲ್ಲವೂ ವಿಚಾರಣೆಗೆ ಬರುತ್ತವೆ. ಈ ವಿಚಾರಣೆಯಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. “ಹಳೇ ತಲೆಗಳನ್ನೆಲ್ಲ ತೆಗೆದು ಹೊಸ ಹುಡುಗರನ್ನು ಹಾಕಿ ತಂಡ ಕಟ್ಟಬೇಕು” ಎಂದು ಒಬ್ಬನು ಹೇಳಿದರೆ, “ಬಿಡಣ್ಣ, ಎಲ್ಲಾ ಮೊದಲೇ ಮಾತಾಡಿಕೊಂಡಿರ್ತಾರೆ” ಎಂದು ಇನ್ನೊಬ್ಬನು ಕೈ ಕೊಡವಿ ಎದ್ದು ಹೋಗುತ್ತಾನೆ.

ಈ ಎರಡು ಮಾತುಗಳು ಒಂದೇ ಬೆಂಚಿನ ಮೇಲೆ ಹುಟ್ಟುವುದು ಆಕಸ್ಮಿಕವಲ್ಲ. ತಂಡವೊಂದನ್ನು ಹೊಸದಾಗಿ ಕಟ್ಟುವುದೆಂದರೆ ಕೆಲವು ಕಾಲ ಸೋಲಲು ಒಪ್ಪಿಕೊಳ್ಳುವುದೆಂದೇ ಅರ್ಥ. ಎಳೆಯ ಆಟಗಾರನು ತಪ್ಪು ಮಾಡಿ ಕಲಿಯಬೇಕು. ಆ ಕಲಿಕೆಯ ಬೆಲೆಯನ್ನು ತಂಡವು ಸೋಲಿನ ರೂಪದಲ್ಲಿ ತೆರಬೇಕು. ಅದನ್ನು ತೆರುವವರಲ್ಲಿ ಪ್ರೇಕ್ಷಕನೂ ಒಬ್ಬನು. ಬಿಸಿಲಿನಲ್ಲಿ ಕುಳಿತು ಸೋಲನ್ನು ನೋಡುವ ಅವನನ್ನು ಮತ್ತೆ ಮತ್ತೆ ಮೈದಾನಕ್ಕೆ ಕರೆತರುವುದು ಒಂದೇ ಒಂದು ನಂಬಿಕೆ: ಕಣ್ಣೆದುರಿಗೆ ನಡೆದ ಸೋಲು ನಿಜವಾದ ಸೋಲು ಎಂಬುದು. ಆ ನಂಬಿಕೆ ಹೋದ ದಿನ ಕಾಯುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಆದುದರಿಂದ ಆಟದಲ್ಲಿನ ಮೋಸವನ್ನು ಗೆಲುವಿನ ಕಳವು ಎಂದು ಮಾತ್ರ ತಿಳಿದರೆ ಸಾಲದು. ಅದು ಸೋಲನ್ನೂ ಕದಿಯುತ್ತದೆ.

ಕನ್ನಡ ನಾಡಿನ ತಂಡವೇ ಈ ಮಾತಿಗೆ ಒಳ್ಳೆಯ ಉದಾಹರಣೆ. ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯವು 1934ರ ನವೆಂಬರಿನಲ್ಲಿ ಮದರಾಸು ಮತ್ತು ಮೈಸೂರು ತಂಡಗಳ ನಡುವೆ ಚೆಪಾಕಿನಲ್ಲಿ ನಡೆಯಿತು. ಮೂರು ದಿನಗಳಿಗೆಂದು ಗೊತ್ತಾಗಿದ್ದ ಆ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮೈಸೂರು ಒಂದು ಇನ್ನಿಂಗ್ಸ್‌ನಲ್ಲಿ 48, ಇನ್ನೊಂದರಲ್ಲಿ 59 ಓಟಗಳಿಗೆ ಕುಸಿದು, 130 ಓಟ ಗಳಿಸಿದ್ದ ಮದರಾಸಿಗೆ ಇನ್ನಿಂಗ್ಸ್ ಅಂತರದಿಂದ ಶರಣಾಯಿತು. ಇದಕ್ಕಿಂತ ಕೆಟ್ಟ ಪ್ರಾರಂಭವನ್ನು ಊಹಿಸುವುದು ಕಷ್ಟ. 1941–42ರಲ್ಲಿ ಒಮ್ಮೆ, 1959–60ರಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯದವರೆಗೆ ಹೋಗಿ ಎರಡು ಸಲವೂ ಮುಂಬಯಿಗೆ ಸೋತಿತು. ಆ ಮುಂಬಯಿಯಾದರೋ 1958–59ರಿಂದ 1972–73ರವರೆಗೆ ಸತತವಾಗಿ 15 ವರ್ಷ ಪಾರಿತೋಷಕವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅದೇ ಋತುವಿನಲ್ಲಿ, 1974ರ ಮಾರ್ಚಿ ತಿಂಗಳಲ್ಲಿ, ಎರಾಪಳ್ಳಿ ಪ್ರಸನ್ನರ ನಾಯಕತ್ವದ ತಂಡವು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಮುಂಬಯಿಯನ್ನು ಎದುರಿಸಿತು. ಗುಂಡಪ್ಪ ವಿಶ್ವನಾಥ್ 162 ಓಟಗಳನ್ನೂ ಬ್ರಿಜೇಶ್ ಪಟೇಲ್ 106 ಓಟಗಳನ್ನೂ ಗಳಿಸಿದರು. ಪ್ರಸನ್ನ, ಚಂದ್ರಶೇಖರರ ತಿರುಗುಚೆಂಡಿನ ಎದುರು ಮುಂಬಯಿ ಮೊದಲ ಇನ್ನಿಂಗ್ಸ್‌ನ ಮುನ್ನಡೆಯನ್ನು ಕಳೆದುಕೊಂಡು ಹೊರನಡೆಯಿತು. ಅನಂತರ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಪಾರಿತೋಷಕವನ್ನು ಪಡೆಯಿತು. ಚೆಪಾಕಿನ ಆ ಒಂದು ದಿನದಿಂದ ಇಲ್ಲಿಗೆ ಸರಿಸುಮಾರು 40 ವರ್ಷ. ಅಂದು ಮೈದಾನದಲ್ಲಿ ಕುಳಿತಿದ್ದ ಹಿರಿಯರಲ್ಲಿ ಕೆಲವರಾದರೂ 48 ಮತ್ತು 59ರ ಕತೆಯನ್ನು ಕೇಳಿಕೊಂಡೇ ಬೆಳೆದವರಾಗಿದ್ದಿರಬೇಕು. ಅವರ ಸಂತೋಷವು 162ರಿಂದ ಮಾತ್ರ ಬಂದುದಲ್ಲ.

ಒಮ್ಮೆ ಕಟ್ಟಿದ ತಂಡ ಹಾಗೆಯೇ ನಿಲ್ಲುವುದೂ ಇಲ್ಲ. 1977–78, 1982–83, ಆಮೇಲೆ 1995–96, 1997–98, 1998–99 ಹೀಗೆ ಒಟ್ಟು ಆರು ಸಲ ಗೆದ್ದ ಕರ್ನಾಟಕ ಮುಂದೆ ಹದಿನಾಲ್ಕು ಋತುಗಳ ಕಾಲ ಬರಿಗೈಯಲ್ಲಿ ಉಳಿಯಿತು. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ ಪ್ರಸಾದರಂಥವರು ಭಾರತ ತಂಡಕ್ಕೆ ಮೀಸಲಾದರು. ಅವರ ಜಾಗಗಳನ್ನು ತುಂಬುವ ಹುಡುಗರು ಒಂದೆರಡು ವರ್ಷಗಳಲ್ಲಿ ಸಿದ್ಧರಾಗುವವರಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇಪ್ಪತ್ತರ ಪ್ರಾಯದ ಮನೀಶ್ ಪಾಂಡೆ 144 ಓಟ ಗಳಿಸಿದರೂ ಕರ್ನಾಟಕವು ಮುಂಬಯಿಗೆ ಕೇವಲ 6 ಓಟಗಳಿಂದ ಸೋತಿತು. ಆ ಸಂಜೆ ಮನೆಗೆ ಮರಳಿದವರ ಎದೆಭಾರವನ್ನು ಇಂದಿಗೂ ಮೈಸೂರಿನಲ್ಲಿ ಕೇಳಿ ತಿಳಿಯಬಹುದು. ಆದರೆ ಆ ಸೋಲಿನ ಬಗ್ಗೆ ಸಂಶಯದ ಮಾತು ಏಳಲಿಲ್ಲ. ಸೋಲು ಸೋಲೆಂದೇ ನೆನಪಿನಲ್ಲಿ ನಿಂತಿತು. ಆದುದರಿಂದಲೇ ಅದರ ಮೇಲೆ ಮುಂದಿನದನ್ನು ಕಟ್ಟಲು ಸಾಧ್ಯವಾಯಿತು. ನಾಲ್ಕು ವರ್ಷಗಳ ಬಳಿಕ ದಾವಣಗೆರೆಯ ವಿನಯಕುಮಾರರ ನಾಯಕತ್ವದಲ್ಲಿ ತಂಡವು ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ಹುದ್ದರಿಗಳಿಂದ ಸೋಲಿಸಿ ಏಳನೆಯ ಬಾರಿ ರಣಜಿ ಗೆದ್ದಿತು. ಆ ಋತುವಿನಲ್ಲಿ ಕೆ. ಎಲ್. ರಾಹುಲ್ ಸಾವಿರ ಓಟಗಳ ಗಡಿ ದಾಟಿದರು. ಮರುವರ್ಷ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಕರುಣ್ ನಾಯರ್ 328 ಓಟ ಬಾರಿಸಿ, ತಮಿಳುನಾಡನ್ನು ಇನ್ನಿಂಗ್ಸ್ ಅಂತರದಿಂದ ಮಣಿಸುವಲ್ಲಿ ಮುಖ್ಯ ಪಾತ್ರ ವಹಿಸಿದರು.

ಈ ಕಾಯುವಿಕೆಯ ಇನ್ನೊಂದು ಮುಖವನ್ನು ಬೆಂಗಳೂರಿನ ಐ.ಪಿ.ಎಲ್. ತಂಡದ ಅಭಿಮಾನಿಗಳಲ್ಲಿ ಕಾಣಬಹುದು. 2008ರಲ್ಲಿ ಪ್ರಾರಂಭವಾದ ಆ ತಂಡ 2009, 2011, 2016ರ ಅಂತಿಮ ಪಂದ್ಯಗಳಲ್ಲಿ ಸೋತಿತು. “ಈ ಸಲ ಕಪ್ ನಮ್ದೇ” ಎಂಬ ಘೋಷಣೆಯು ಹುಟ್ಟಿ, ಪರರ ಹಾಸ್ಯಕ್ಕೆ ಗುರಿಯಾಗಿ, ಕೊನೆಗೆ ಸ್ವಂತ ಅಭಿಮಾನಿಗಳೇ ನಗುತ್ತ ಹೇಳುವ ಗಾದೆಯಂತಾಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ, ಹದಿನೆಂಟನೆಯ ವರ್ಷ, ಕಪ್ಪು ದೊರೆಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅಭಿಮಾನಿಯ ತಾಳ್ಮೆಯನ್ನು ಹೊಗಳುವವರು ಆ ತಾಳ್ಮೆಗೆ ಪ್ರತಿಯಾಗಿ ಅವನಿಗೆ ಸಲ್ಲಬೇಕಾದ ರಕ್ಷಣೆಯನ್ನು ಮರೆಯಲಾಗದು.

ತಂಡ ಕಟ್ಟುವ ಕೆಲಸವೂ ಮೋಸವೂ ಒಂದೇ ಕಡೆ ಸೇರಿದಾಗ ಏನಾಗುವುದೆಂಬುದಕ್ಕೆ ಇತ್ತೀಚಿನ ಸ್ಪಷ್ಟ ನಿದರ್ಶನ ದೊರೆಯುವುದು ದೂರದ ಅಮೆರಿಕದಲ್ಲಿ, ಬೇಸ್‌ಬಾಲ್ ಆಟದಲ್ಲಿ. ಈ ಆಟ ಕನ್ನಡಿಗರಿಗೆ ಹೆಚ್ಚು ಪರಿಚಿತವಲ್ಲವಾದರೂ ಕ್ರಿಕೆಟ್ ಬಲ್ಲವರಿಗೆ ಅರ್ಥವಾಗದಂಥದಲ್ಲ. ಸುಮಾರು 60 ಅಡಿ ದೂರದಿಂದ ಒಬ್ಬನು ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. ದುಂಡನೆಯ ದಾಂಡು ಹಿಡಿದವನು ಅದನ್ನು ಬಾರಿಸುತ್ತಾನೆ. ದಾಂಡಿಗನ ಹಿಂದೆ, ಹುದ್ದರಿ ರಕ್ಷಕನಂತೆ, ಎಸೆಯುವವನ ಜೊತೆಗಾರನೊಬ್ಬನು ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾನೆ. ಈತನು ತೊಡೆಗಳ ನಡುವೆ ಬೆರಳುಗಳ ಸನ್ನೆಯಿಂದ ಮುಂದಿನ ಚೆಂಡು ವೇಗದ್ದೋ, ನಿಧಾನದ್ದೋ, ಬಾಗುವುದೋ ಎಂಬುದನ್ನು ಎಸೆಯುವವನಿಗೆ ತಿಳಿಸುತ್ತಿದ್ದುದು ಈ ಆಟದ ಹಳೆಯ ಪದ್ಧತಿ. ವೇಗದ ಚೆಂಡು ದಾಂಡಿಗನನ್ನು ಮುಟ್ಟಲು ಅರೆ ಸೆಕೆಂಡೂ ಬೇಡ. ಯಾವ ಚೆಂಡು ಬರುತ್ತದೆಂದು ಮೊದಲೇ ತಿಳಿದವನಿಗೆ ಆ ಅರೆ ಸೆಕೆಂಡು ಒಂದು ಯುಗವಾಗುತ್ತದೆ. ಎದುರಾಳಿಯ ಸನ್ನೆಯನ್ನು ಆಟಗಾರನು ತನ್ನ ಕಣ್ಣಿನಿಂದಲೇ ನೋಡಿ ಊಹಿಸಿದರೆ ಅದು ಜಾಣತನ. ಯಂತ್ರದ ಸಹಾಯದಿಂದ ಕದ್ದು ನೋಡಿದರೆ ಅಪರಾಧ.

ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ ಆಸ್ಟ್ರೋಸ್ ತಂಡವು 1962ರಿಂದ ಆಡುತ್ತಿದ್ದರೂ ಒಮ್ಮೆಯೂ ಅಂತಿಮ ಗೆಲುವನ್ನು ಕಂಡಿರಲಿಲ್ಲ. 2011ರ ಸುಮಾರಿಗೆ ಹಳೆಯ ಆಟಗಾರರನ್ನೆಲ್ಲ ಬಿಟ್ಟುಕೊಟ್ಟು ಬುಡದಿಂದ ಕಟ್ಟುವುದೆಂದು ನಿಶ್ಚಯವಾಯಿತು. ವರ್ಷಕ್ಕೆ 162 ಪಂದ್ಯಗಳ ಆ ಲೀಗಿನಲ್ಲಿ ತಂಡವು 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯಗಳನ್ನು ಸೋತಿತು. ಹೊಸ ಆಟಗಾರರನ್ನು ಆರಿಸುವ ಸರದಿಯಲ್ಲಿ ಹೆಚ್ಚು ಸೋತವರಿಗೆ ಮೊದಲ ಅವಕಾಶವೆಂಬುದು ಅಲ್ಲಿನ ಕಟ್ಟಳೆ. ಅದರಂತೆ 2012, 2013, 2014 ಮೂರು ವರ್ಷವೂ ಹ್ಯೂಸ್ಟನ್ನಿಗೇ ಮೊದಲ ಆಯ್ಕೆ. ಖಾಲಿ ಕುರ್ಚಿಗಳ ನಡುವೆ ಕುಳಿತು ಆ ಸೋಲುಗಳನ್ನು ನೋಡಿದವರಿಗೆ 2017ರಲ್ಲಿ ಫಲ ದೊರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಭೀಕರ ಚಂಡಮಾರುತದಿಂದ ನಗರದ ಬಹುಭಾಗ ನೀರಿನಲ್ಲಿ ಮುಳುಗಿತ್ತು. ತಂಡವು ಪ್ರಶಸ್ತಿ ಗೆದ್ದಾಗ ಮನೆ ಕಳೆದುಕೊಂಡವರೂ ಬೀದಿಗಿಳಿದು ಕುಣಿದರು.

ಎರಡು ವರ್ಷಗಳ ಮೇಲೆ, 2019ರ ನವೆಂಬರಿನಲ್ಲಿ, ಆ ತಂಡದಲ್ಲಿಯೇ ಆಡಿದ್ದ ಒಬ್ಬ ಆಟಗಾರನು ಸಂಗತಿಯನ್ನು ಬಯಲಿಗಿಟ್ಟನು. ಮೈದಾನದ ದೂರದ ಅಂಚಿನಲ್ಲಿದ್ದ ಕ್ಯಾಮರಾದ ಚಿತ್ರವನ್ನು ಆಟಗಾರರ ಕೂರುವ ಜಾಗದ ಹಿಂಬದಿಯ ಪರದೆಗೆ ತರಿಸಿ, ಎದುರಾಳಿಯ ಬೆರಳ ಸನ್ನೆಯನ್ನು ಓದಿ, ನಿಧಾನದ ಅಥವಾ ಬಾಗುವ ಚೆಂಡು ಬರುವುದಿದ್ದರೆ ಪಕ್ಕದಲ್ಲಿದ್ದ ಕಸದ ಡಬ್ಬಿಯನ್ನು ಬಡಿದು ದಾಂಡಿಗನಿಗೆ ತಿಳಿಸುತ್ತಿದ್ದರು. ಸದ್ದು ಬಾರದಿದ್ದರೆ ವೇಗದ ಚೆಂಡೆಂದು ತಿಳಿಯುವುದು. ಇಷ್ಟು ದೊಡ್ಡ ಆಟದ, ಇಷ್ಟು ಹಣದ ನಡುವೆ, ಉಪಾಯವು ಕೊನೆಗೆ ಒಂದು ಕಸದ ಡಬ್ಬಿಗೆ ಬಂದು ನಿಂತದ್ದು ವಿನೋದವೇ ಸರಿ. 2020ರ ಜನವರಿಯಲ್ಲಿ ಲೀಗಿನ ಆಯುಕ್ತರು ತಂಡಕ್ಕೆ 50 ಲಕ್ಷ ಡಾಲರ್ ದಂಡ ಹಾಕಿ, ಎರಡು ವರ್ಷಗಳ ಮೊದಲೆರಡು ಆಯ್ಕೆಗಳನ್ನು ಕಿತ್ತುಕೊಂಡು, ಮುಖ್ಯ ಆಡಳಿತಗಾರನನ್ನೂ ತರಬೇತುದಾರನನ್ನೂ ಒಂದು ವರ್ಷ ಅಮಾನತು ಮಾಡಿದರು. ಮಾಲಿಕನು ಅವರಿಬ್ಬರನ್ನೂ ಕೆಲಸದಿಂದ ತೆಗೆದನು. ನಿಜ ಹೇಳಿದರೆ ಶಿಕ್ಷೆಯಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದುದರಿಂದ ಆಟಗಾರರಿಗೆ ಏನೂ ಆಗಲಿಲ್ಲ. 2017ರ ಪ್ರಶಸ್ತಿಯನ್ನೂ ಹಿಂದೆ ಪಡೆಯಲಿಲ್ಲ.

ಇದರಲ್ಲಿ ಅತ್ಯಂತ ದುಃಖಕರವಾದ ಅಂಶ ದಂಡದ ಮೊತ್ತವಲ್ಲ. ಕಟ್ಟಿದ ತಂಡವು ನಿಜವಾಗಿಯೇ ಒಳ್ಳೆಯ ತಂಡವಾಗಿತ್ತು. ಡಬ್ಬಿ ಬಡಿಯದಿದ್ದರೂ ಅದು ಗೆಲ್ಲುತ್ತಿತ್ತೇನೋ; ಆದರೆ ಅದನ್ನು ತಿಳಿಯುವ ದಾರಿಯನ್ನು ಅವರೇ ಮುಚ್ಚಿದರು. ಮೂರು ವರ್ಷ ಸೋಲನ್ನು ನೋಡಿದ ಅಭಿಮಾನಿಯು ತನ್ನ ಗೆಲುವು ಎಷ್ಟು ಪಾಲು ತನ್ನದೆಂದು ಈಗ ಹೇಳಲಾರನು. 2022ರಲ್ಲಿ ಅದೇ ತಂಡ ಮತ್ತೊಮ್ಮೆ ಗೆದ್ದಿತು. ಪರ ಊರುಗಳ ಮೈದಾನಗಳಲ್ಲಿ ಆಗಲೂ ಪ್ರೇಕ್ಷಕರು ಹಳೆಯದನ್ನು ಎತ್ತಿ ಕೂಗುವುದನ್ನು ಬಿಟ್ಟಿರಲಿಲ್ಲ.

ಸೋತವನಿಗೆ ಮೊದಲ ಆಯ್ಕೆ ಕೊಡುವ ಕಟ್ಟಳೆಯೂ ನಿರ್ದೋಷಿಯಲ್ಲ. ದುರ್ಬಲನು ಚೇತರಿಸಿಕೊಳ್ಳಲೆಂದು ಮಾಡಿದ ಆ ಏರ್ಪಾಡು ಬೇಕೆಂದೇ ಸೋಲುವವನಿಗೂ ಬಹುಮಾನ ಕೊಡುತ್ತದೆ. ಅಲ್ಲಿನ ಲೀಗು 2022ರ ಒಪ್ಪಂದದಲ್ಲಿ ಮೊದಲ ಆರು ಸ್ಥಾನಗಳಿಗೆ ಚೀಟಿ ಎತ್ತುವ ಕ್ರಮವನ್ನು ತಂದುದು ಇದಕ್ಕಾಗಿಯೇ. ಬೇಕೆಂದೇ ಸೋಲುವುದರ ಬಿಸಿ ಕನ್ನಡ ನಾಡಿನ ಆಟಗಾರ್ತಿಯೊಬ್ಬರಿಗೂ ತಟ್ಟಿದೆ. 2012ರ ಲಂಡನ್ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ನಿನಲ್ಲಿ ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿಯು ಗುಂಪಿನಲ್ಲಿ ಎರಡು ಪಂದ್ಯ ಗೆದ್ದರೂ ಒಂದೇ ಒಂದು ಅಂಕದ ಅಂತರದಿಂದ ಮುಂದಿನ ಸುತ್ತನ್ನು ಕಳೆದುಕೊಂಡಿತು. ಅದೇ ಗುಂಪಿನ ಜಪಾನಿ ಜೋಡಿಯ ಸೋಲಿನ ಬಗ್ಗೆ ಭಾರತ ಸಲ್ಲಿಸಿದ ದೂರನ್ನು ಅಧಿಕಾರಿಗಳು ಒಪ್ಪಲಿಲ್ಲ. ಅದೇ ಕೂಟದಲ್ಲಿ, ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲೆಂದು ಸೋಲಲು ಯತ್ನಿಸಿದ ಚೀನ, ದಕ್ಷಿಣ ಕೊರಿಯ ಮತ್ತು ಇಂಡೋನೇಷ್ಯದ ನಾಲ್ಕು ಜೋಡಿಗಳನ್ನು ಹೊರಹಾಕಲಾಯಿತು. ಶಟಲನ್ನು ಬಲೆಗೆ ಹೊಡೆಯುವ ಸ್ಪರ್ಧೆಯನ್ನು ನೋಡಿದ ಪ್ರೇಕ್ಷಕರು ಕೂಗಿ ಪ್ರತಿಭಟಿಸಿದರು. ಅವರು ಟಿಕೆಟ್ಟಿಗೆ ಹಣ ಕೊಟ್ಟು ಬಂದವರು.

ಟಿಕೆಟ್ಟಿಗೆ ಹಣ ಕೊಟ್ಟ ಪ್ರೇಕ್ಷಕನು ಕಾನೂನಿನ ಕಣ್ಣಿನಲ್ಲಿ ಮೋಸಹೋದವನೆ? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದುದು ಕರ್ನಾಟಕದ ಉಚ್ಚ ನ್ಯಾಯಾಲಯ. 2009ರಲ್ಲಿ ಪ್ರಾರಂಭವಾಗಿದ್ದ ಕರ್ನಾಟಕ ಪ್ರೀಮಿಯರ್ ಲೀಗಿನ 2019ರ ಆವೃತ್ತಿಯ ಬಳಿಕ ಬೆಂಗಳೂರು ಪೊಲೀಸರು ತನಿಖೆ ನಡೆಸಿ ತಂಡದ ಮಾಲಿಕರೊಬ್ಬರನ್ನೂ ಕೆಲವು ಆಟಗಾರರನ್ನೂ ಬಂಧಿಸಿದರು. ಹಣಕ್ಕಾಗಿ ನಿಧಾನವಾಗಿ ಬ್ಯಾಟು ಮಾಡಿದರೆಂಬುದು ಆರೋಪಗಳಲ್ಲಿ ಒಂದು. ಅಂದು ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ 420ನೆಯ ಕಲಮಿನ ಮೇರೆಗೆ ವಂಚನೆಯ ಮೊಕದ್ದಮೆ ಹೂಡಲಾಯಿತು. 2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಆ ಕಲಮಿನಂತೆ ವಂಚನೆಯಾಗಬೇಕಾದರೆ ಸುಳ್ಳಿನಿಂದ ಪ್ರೇರಿತನಾಗಿ ಯಾರಾದರೂ ತನ್ನ ಸ್ವತ್ತನ್ನು ಕೊಟ್ಟಿರಬೇಕು. ಪ್ರೇಕ್ಷಕರು ನ್ಯಾಯವಾದ ಆಟ ನೋಡುವೆವೆಂದು ತಿಳಿದಿದ್ದರೂ ಟಿಕೆಟ್ಟನ್ನು ಕೊಂಡದ್ದು ಸ್ವಂತ ಇಚ್ಛೆಯಿಂದ. ಕ್ರೀಡಾಪ್ರೇಮಿಗಳಿಗೆ ಮೋಸವಾಯಿತೆಂಬ ಸಾಮಾನ್ಯ ಭಾವನೆ ಬರಬಹುದಾದರೂ ಆ ಭಾವನೆಯಿಂದಲೇ ಅಪರಾಧ ಹುಟ್ಟದು. ಇಂಥ ಅಪ್ರಾಮಾಣಿಕತೆಗೆ ಶಿಸ್ತಿನ ಕ್ರಮ ಕೈಗೊಳ್ಳಬೇಕಾದುದು ಕ್ರಿಕೆಟ್ ಮಂಡಳಿ ಎಂಬುದು ನ್ಯಾಯಾಲಯದ ವಿಚಾರಸರಣಿಯ ಸಾರ. ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. ಆಟದ ಮೋಸವನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಬೇಕೆಂದು ಕೇಂದ್ರದ ಕಾನೂನು ಆಯೋಗವು 2018ರಲ್ಲಿಯೇ ತನ್ನ 276ನೆಯ ವರದಿಯಲ್ಲಿ ಸೂಚಿಸಿದ್ದಿತು. ಲೀಗು 2019ರ ಬಳಿಕ ಆ ಹೆಸರಿನಲ್ಲಿ ನಡೆಯಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿಯೆಂಬ ಹೊಸ ಹೆಸರಿನಿಂದ ಮರಳಿ ಬಂದಿತು.

ನ್ಯಾಯಾಲಯವು ಕಾನೂನಿನ ಮಾತನ್ನು ಅಳೆದು ನೋಡಿತು, ಅದು ಅದರ ಕೆಲಸ. ಹಿಂದೆ ಅಮೆರಿಕದಲ್ಲಿಯೂ ಹೀಗೆಯೇ ನಡೆದಿತ್ತು. 1919ರ ಬೇಸ್‌ಬಾಲ್ ಅಂತಿಮ ಸರಣಿಯನ್ನು ಜೂಜುಕೋರರ ಹಣಕ್ಕೆ ಸೋತರೆಂದು ಶಿಕಾಗೋ ತಂಡದ ಎಂಟು ಆಟಗಾರರ ಮೇಲೆ ಆರೋಪ ಬಂದಿತು. 1921ರ ಆಗಸ್ಟಿನಲ್ಲಿ ಜ್ಯೂರಿಯು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಮರುದಿನವೇ ಆಟದ ಆಯುಕ್ತರು ಎಂಟು ಮಂದಿಯನ್ನೂ ಜೀವನಪರ್ಯಂತ ನಿಷೇಧಿಸಿದರು. ಮೃತರ ಹೆಸರುಗಳನ್ನು ಆ ಪಟ್ಟಿಯಿಂದ ತೆಗೆಯಲು 2025ರ ಮೇ ತಿಂಗಳು ಬರಬೇಕಾಯಿತು. ಭಾರತದಲ್ಲಿ 2000ದ ಏಪ್ರಿಲಿನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆಯ ದೂರವಾಣಿ ಮಾತುಕತೆಯನ್ನು ಬಯಲು ಮಾಡಿದ ಮೇಲೆ ಟೀ ಅಂಗಡಿಯ ಭಾಷೆಯೇ ಬದಲಾಯಿತು. ಅಲ್ಲಿಯವರೆಗೆ ಕೈಚೆಲ್ಲಿದ ಕ್ಯಾಚನ್ನು ಕಂಡು “ಪಾಪ” ಎನ್ನುತ್ತಿದ್ದವನು “ಎಷ್ಟು ತಗೊಂಡ?” ಎನ್ನಲು ಕಲಿತನು. ಈ ನಷ್ಟವನ್ನು ಯಾವ ಕಲಮಿನ ಕೆಳಗೆ ಹಾಕುವುದು?

ಪ್ರಾಮಾಣಿಕತೆಯಿಂದ ಪಂದ್ಯ ಸೋಲಬೇಕಾಗಿ ಬಂದುದೂ ಉಂಟು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಭಾರತದ ನಾಯಕರಾಗಿದ್ದವರು ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ಓಟಗಳಿಗೆ 5 ಹುದ್ದರಿ ಕಳೆದುಕೊಂಡಿದ್ದಾಗ ಬಾಬ್ ಟೇಲರ್ ಚೆಂಡನ್ನು ತಾಗಿಸಿ ಕ್ಯಾಚಿತ್ತನೆಂದು ಅಂಪೈರು ಔಟು ಕೊಟ್ಟರು. ಚೆಂಡು ತಾಗಲಿಲ್ಲವೆಂದು ವಿಶ್ವನಾಥರಿಗೆ ಮನವರಿಕೆಯಾಗಿದ್ದಿತು. ಹಿಂದಿರುಗುತ್ತಿದ್ದ ಟೇಲರನನ್ನು ಮರಳಿ ಕರೆಸಿದರು. ಟೇಲರ್, ಬೋಥಮರೊಡನೆ 171 ಓಟಗಳ ಜೊತೆಯಾಟ ಕಟ್ಟಿದನು. ಭಾರತ 10 ಹುದ್ದರಿಗಳಿಂದ ಸೋತಿತು. ನಾಯಕನಾದವನು ಹೀಗೆ ಮಾಡಬಹುದೆ ಎಂದು ಕೇಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಅಂಪೈರಿನ ತೀರ್ಪನ್ನು ಒಪ್ಪಿಕೊಂಡಿದ್ದರೆ ಅವರನ್ನು ಮೋಸಗಾರರೆಂದು ಯಾರೂ ಕರೆಯುತ್ತಿರಲಿಲ್ಲವೆಂಬುದೂ ನಿಜ. ಕಲ್ಯಾಣದ ಶರಣರ ಕಾಲದ ಐತಿಹ್ಯವೊಂದರಲ್ಲಿ ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ದಿನದ ಕಾಯಕಕ್ಕೆ ಮೀರಿದುದನ್ನು ಇದ್ದ ಕಡೆಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸುತ್ತಾಳೆ. ಮಾರಯ್ಯನು ಕದ್ದಿರಲಿಲ್ಲ. ಆದರೂ ಅದು ತಮ್ಮದಲ್ಲವೆಂದು ಲಕ್ಕಮ್ಮನಿಗೆ ತೋರಿತು. ವಿಶ್ವನಾಥರು ಮುಂಬಯಿಯಲ್ಲಿ ಹಿಂದಕ್ಕೆ ಕೊಟ್ಟದ್ದೂ ಅಂಥದೇ ಒಂದು ಹಿಡಿ ಅಕ್ಕಿ.

ಇಷ್ಟೆಲ್ಲ ದೊಡ್ಡ ಮೈದಾನಗಳ ಮಾತಾಯಿತು. ಆದರೆ ತಂಡ ಕಟ್ಟುವ ಕೆಲಸ ಬಿಡುವಿಲ್ಲದೆ ನಡೆಯುವ ಸ್ಥಳವೆಂದರೆ ಶಾಲೆ. ರಾಜ್ಯದ ತಂಡವನ್ನು ಹತ್ತು ಹದಿನೈದು ವರ್ಷಗಳಿಗೊಮ್ಮೆ ಬುಡದಿಂದ ಕಟ್ಟಿದರೆ ಪ್ರೌಢಶಾಲೆಯ ತಂಡವನ್ನು ವರ್ಷ ವರ್ಷವೂ ಕಟ್ಟಬೇಕು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುತ್ತಲೇ ತಂಡದ ಬೆನ್ನೆಲುಬಾಗಿದ್ದವರು ಹೊರಟುಹೋಗುತ್ತಾರೆ. ಉಳಿಯುವುದು ಎಂಟು ಒಂಬತ್ತನೆಯ ತರಗತಿಗಳ ಗಿಡ್ಡ ಹುಡುಗರು. ಹೋಬಳಿ ಮಟ್ಟದ ಕಬಡ್ಡಿಯಲ್ಲಿ ಅವರು ಮೊದಲ ಸುತ್ತಿನಲ್ಲಿಯೇ ಸೋಲಬಹುದು. ಆಗ ದೈಹಿಕ ಶಿಕ್ಷಕರ ಎದುರಿಗೆ ಒಂದು ಸುಲಭದ ದಾರಿ ತೆರೆದುಕೊಳ್ಳುತ್ತದೆ: ವಯಸ್ಸು ಮೀರಿದ ಗಟ್ಟಿಮುಟ್ಟಾದ ಹುಡುಗನೊಬ್ಬನ ಜನ್ಮದಿನಾಂಕವನ್ನು ಎರಡು ವರ್ಷ ಮುಂದಕ್ಕೆ ಸರಿಸುವುದು, ಇಲ್ಲವೆ ಬೇರೆ ಶಾಲೆಯವನನ್ನು ತಮ್ಮವನೆಂದು ಇಳಿಸುವುದು.

ಜನ್ಮದಿನಾಂಕದ ವಿಷಯದಲ್ಲಿ ಹಳ್ಳಿಯ ಶಾಲೆಗಳಿಗೆ ತಮ್ಮದೇ ಆದ ಇತಿಹಾಸವಿದೆ. ಒಂದು ಕಾಲದಲ್ಲಿ ಮಗುವನ್ನು ಕರೆತಂದ ತಂದೆಗೆ ಹುಟ್ಟಿದ ದಿನ ತಿಳಿದಿರುತ್ತಿರಲಿಲ್ಲ. ದೊಡ್ಡ ಮಳೆಯಾದ ವರ್ಷ, ಜಾತ್ರೆಯ ಮುಂಚೆ ಎಂದು ಹೇಳುತ್ತಿದ್ದನು. ಉಪಾಧ್ಯಾಯರು ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟುವುದೋ ಎಂದು ನೋಡಿ, ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆಯುತ್ತಿದ್ದರು. ಇಂದು ನಿವೃತ್ತರಾಗಿರುವ ಎಷ್ಟೋ ಮಂದಿ ಹಳೆಯ ವಿದ್ಯಾರ್ಥಿಗಳು ಒಂದೇ ದಿನ ಹುಟ್ಟಿದವರಾಗಿರುವುದರ ಗುಟ್ಟು ಇದು. ಅದು ಅಂದಾಜು, ಮಗುವನ್ನು ಒಳಕ್ಕೆ ಬಿಟ್ಟುಕೊಳ್ಳಲು ಮಾಡಿದ ಅಂದಾಜು. ಅದೇ ಲೇಖನಿಯಿಂದ ಇನ್ನೊಂದು ಮಗುವಿನ ಸ್ಥಾನವನ್ನು ಕಿತ್ತುಕೊಳ್ಳಲು ದಿನಾಂಕ ಬರೆದರೆ ಅದನ್ನು ಅಂದಾಜೆಂದು ಕರೆಯಲಾಗದು.

ಕರ್ನಾಟಕದವರೇ ಆದ ರಾಹುಲ್ ದ್ರಾವಿಡ್ 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನೀಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಎತ್ತಿಕೊಂಡರು. ಹುಡುಗನ ನೋಂದಣಿ ಪತ್ರದಲ್ಲಿ ತಂದೆತಾಯಿಯೋ ತರಬೇತುದಾರನೋ ಹುಟ್ಟಿದ ದಿನವನ್ನು ಬದಲಿಸುವಲ್ಲಿಂದ ಇದು ಪ್ರಾರಂಭವಾಗುತ್ತದೆಂದೂ, ನಿಜವಾದ ವಯಸ್ಸಿನ ಪ್ರತಿಭಾವಂತ ಹುಡುಗನು ಅವಕಾಶ ಕಳೆದುಕೊಳ್ಳುತ್ತಾನೆಂದೂ, ಹಿರಿಯರೇ ಸುಳ್ಳು ಪತ್ರ ಮಾಡಿಸುವುದನ್ನು ಕಂಡ ಮಗು ಮುಂದೆ ಪಂದ್ಯವನ್ನೇ ಮಾರಲು ಅಂಜುವುದೇ ಎಂದೂ ಅವರು ಕೇಳಿದರು. ಕ್ರಿಕೆಟ್ ಮಂಡಳಿಯು ಎಳೆಯ ಆಟಗಾರರ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಗಳ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಕ್ರಮವನ್ನು ಅನುಸರಿಸುತ್ತದೆ. 2020ರಲ್ಲಿ ಮಂಡಳಿಯು, ತಾವಾಗಿ ತಪ್ಪೊಪ್ಪಿಕೊಂಡು ನಿಜವಾದ ದಿನಾಂಕ ಕೊಟ್ಟವರಿಗೆ ಅಮಾನತಿಲ್ಲವೆಂದೂ, ಬಚ್ಚಿಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧವೆಂದೂ ಪ್ರಕಟಿಸಿತು. ಆದರೆ ಎಕ್ಸ್‌ರೇ ಯಂತ್ರ ಹೋಬಳಿ ಕ್ರೀಡಾಕೂಟಕ್ಕೆ ಬರುವುದಿಲ್ಲ. ಅಲ್ಲಿ ಮೂಳೆಗಿಂತ ಮುಂಚಿನ ಸಾಕ್ಷಿ ಮುಖ್ಯೋಪಾಧ್ಯಾಯರ ರುಜು ಮತ್ತು ಮೊಹರು.

ಮಠದ ಶಾಲೆಗೆ ಚೆಂಡು, ಬಲೆ, ಬೂಟುಗಳಿಗೆಂದು ಹಣ ಕೊಡುವ ದಾನಿಯು ಕಪಾಟಿನಲ್ಲಿ ಪಾರಿತೋಷಕವನ್ನು ಕಾಣಲು ಬಯಸುವುದು ಸಹಜ. ಆ ಬಯಕೆಯ ಭಾರ ಶಿಕ್ಷಕರ ಮೇಲೆ ಬೀಳುವುದೂ ಅಷ್ಟೇ ಸಹಜ. ಹಳೆಯ ವಿದ್ಯಾರ್ಥಿಗಳು ವಾರ್ಷಿಕೋತ್ಸವಕ್ಕೆ ಬಂದಾಗ ಈ ವರ್ಷ ತಂಡ ಎಷ್ಟನೆಯ ಸುತ್ತಿಗೆ ಹೋಯಿತೆಂದು ಕೇಳುತ್ತಾರೆ. ಯಾವ ತರಗತಿಯ ಹುಡುಗರು ಆಡಿದರೆಂದು ಕೇಳುವವರು ಕಡಮೆ. ಎರಡನೆಯ ಪ್ರಶ್ನೆಯನ್ನು ಕೇಳಿದ್ದರೆ, ಸೋತ ತಂಡದಲ್ಲಿ ಏಳು ಮಂದಿಯ ಪೈಕಿ ಐವರು ಮುಂದಿನ ವರ್ಷವೂ ಇರುವವರೆಂಬ ಉತ್ತರ ಬರಬಹುದಾಗಿದ್ದಿತು.

ಜೂನ್ ತಿಂಗಳಿನಲ್ಲಿ ಶಾಲೆ ತೆರೆದು ಎರಡು ತಿಂಗಳಾಗುವ ಹೊತ್ತಿಗೆ ಹೋಬಳಿ ಕ್ರೀಡಾಕೂಟದ ಪ್ರವೇಶಪತ್ರಗಳು ಬರುತ್ತವೆ. ಹೆಸರು, ತಂದೆಯ ಹೆಸರು, ತರಗತಿ, ಜನ್ಮದಿನಾಂಕ, ದಾಖಲಾತಿ ಸಂಖ್ಯೆ. ದೈಹಿಕ ಶಿಕ್ಷಕರು ದಾಖಲಾತಿ ಪುಸ್ತಕವನ್ನು ತೆರೆದಿಟ್ಟುಕೊಂಡು ಒಂದೊಂದೇ ಅಂಕಿಯನ್ನು ನೋಡಿ ಬರೆಯುತ್ತಾರೆ. ಹೊರಗೆ ಬಯಲಿನಲ್ಲಿ, ಹೋದ ವರ್ಷ ನೀರು ಕೊಡಲು ಮಾತ್ರ ಜೊತೆಗೆ ಹೋಗಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಕಬಡ್ಡಿಯ ಗೆರೆಗಳಿಗೆ ಸುಣ್ಣ ಎಳೆಯುತ್ತಿರುತ್ತಾನೆ.